ಬನ್ನು ತೇಲಿಸಿ ಅಲೆ ಹುಡುಕಿದವನು

ನನ್ನ ಸೋದರಮಾವನಿಗೆ ಐವತ್ತು ದಾಟಿದ ಮೇಲೆ ಸಮುದ್ರದ ಹುಚ್ಚು ಹಿಡಿಯಿತು. ಹಿಡಿಸಿದ್ದು ಒಂದು ಇಸ್ತ್ರಿ ಮೇಜು. ಹೀಗೆಂದರೆ ಕೇಳಿದವರು ನನ್ನ ಮುಖವನ್ನೇ ಪಿಳಿಪಿಳಿ ನೋಡುತ್ತಾರೆ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ. ನಡುವೆ ನನಗೆ ಸಿಟ್ಟು ಬಂದರೆ ಸಹಿಸಿಕೊಳ್ಳಬೇಕು. ನಾನು ಶಾಲೆಯಲ್ಲಿ ಮೇಡಂ, ಸಿಟ್ಟು ನೌಕರಿಯ ಜೊತೆಗೇ ಬಂದದ್ದು.

ಮಾವ ಬೇಕರಿಯವನು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮುಂದೆ ಗಾಜಿನ ಕಪಾಟು, ಹಿಂದೆ ಇಟ್ಟಿಗೆಯ ಒಲೆ, ಮಹಡಿಯ ಮೇಲೆ ಅಮ್ಮ, ನಾನು, ಮಾವ. ಒಲೆಯ ಶಾಖ ನೆಲದಿಂದ ಏರಿ ಬರುವುದರಿಂದ ನಮ್ಮ ಮನೆಯಲ್ಲಿ ಯಾರೂ ಬರಿಗಾಲಲ್ಲಿ ಒಂದೇ ಕಡೆ ಬಹಳ ಹೊತ್ತು ನಿಲ್ಲುವುದಿಲ್ಲ. ಊರು ಗೊರಕೆ ಹೊಡೆಯುವಾಗ ಮಾವ ಎದ್ದು ಹಿಟ್ಟು ನಾದುತ್ತಾನೆ. ಊರು ಹಲ್ಲುಜ್ಜುವ ಹೊತ್ತಿಗೆ ಸ್ಕೂಟರಿನ ಹಿಂದಿನ ತಗಡಿನ ಪೆಟ್ಟಿಗೆಗೆ ಬ್ರೆಡ್ಡು ತುಂಬಿ ಹೊರಟಿರುತ್ತಾನೆ. ಊರು ಊಟಕ್ಕೆ ಕೂತಾಗ ಅವನು ಮಲಗಿರುತ್ತಾನೆ. ಅವನಿಗೆ ಮದುವೆಯಾಗದೆ ಉಳಿದದ್ದೂ ಇದರಿಂದಲೇ. ವಯಸ್ಸಿದ್ದಾಗ ಮಾತುಕತೆಗೆಂದು ಮಧ್ಯಾಹ್ನ ಒಬ್ಬರ ಮನೆಗೆ ಹೋಗಿ, ಹುಡುಗಿ ಬಂದು ಎದುರು ಕೂರುವಷ್ಟರಲ್ಲಿ ಸೋಫಾದ ಮೇಲೆ ನಿದ್ದೆ ಹೋಗಿದ್ದನಂತೆ. ಅಮ್ಮ ತೊಡೆ ಚಿವುಟಿದರೆ ಕಣ್ಣು ಬಿಡದೆಯೇ, "ಇನ್ನೂ ಸ್ವಲ್ಪ ಉಬ್ಬಲಿ" ಅಂದನಂತೆ. ಅಲ್ಲಿಗೆ ಆ ಸಂಬಂಧ ತಣ್ಣಗಾಯಿತು.

ದ್ವೀಪದಲ್ಲೇ ಹುಟ್ಟಿ ಬೆಳೆದರೂ ಮಾವನಿಗೆ ಸಮುದ್ರ ಗೊತ್ತಿರಲಿಲ್ಲ. ಒಲೆಗೆ ಮುಖ, ಸಮುದ್ರಕ್ಕೆ ಬೆನ್ನು ಮಾಡಿ ಬದುಕಿದವನು. ಈಜು ಬರುವುದಿಲ್ಲ. ದಪ್ಪ ಗಾಜಿನ ಕನ್ನಡಕ ಬೆವರಿಗೆ ಜಾರುತ್ತದೆಂದು ಬ್ರೆಡ್ಡಿನ ಪೊಟ್ಟಣ ಕಟ್ಟುವ ದಾರದಿಂದ ಅದನ್ನು ತಲೆಗೆ ಬಿಗಿದುಕೊಂಡಿರುತ್ತಾನೆ. ಅವನ ಲೋಕದಲ್ಲಿ ಹಿಟ್ಟಿಗೊಂದು ಹೊತ್ತು, ಬೆಂಕಿಗೊಂದು ಹೊತ್ತು, ಬನ್ನಿಗೊಂದು ಹೊತ್ತು. ಅದು ನಿನ್ನೆಯೂ ಅದೇ, ನಾಳೆಯೂ ಅದೇ. ಇನ್ನೊಂದು ದೋಷವೆಂದರೆ ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಗಿರಾಕಿ ಬನ್ನು ಒತ್ತಿ ನೋಡಿ ಇದು ಇವತ್ತಿನದೇ ಎಂದು ಕೇಳಿದರೆ, ಅಲ್ಲ ನಿನ್ನೆಯದು ಎನ್ನುವ ಬೇಕರಿಯವನು ಇಡೀ ದ್ವೀಪದಲ್ಲಿ ಇವನೊಬ್ಬನೇ. ಹಾಗಾಗಿ ನಮ್ಮಲ್ಲಿ ಹಳೆಯ ಬನ್ನಿಗೆ ಯಾವತ್ತೂ ಬರವಿಲ್ಲ. ಆ ಬನ್ನುಗಳು ಮುಂದೆ ಏನು ಮಾಡಿದವೆಂದು ಹೇಳುವುದಕ್ಕಿದೆ.

ಓಣಿಯ ಇನ್ನೊಂದು ತುದಿಯಲ್ಲಿ ಲಾಂಡ್ರಿ. ಅದನ್ನು ನಡೆಸುವವರನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಾರೆ. ಐವತ್ತರ ಆಸುಪಾಸು, ಗಂಡ ತೀರಿಹೋಗಿ ಎಷ್ಟೋ ವರ್ಷ, ಮಾತು ಕಡಿಮೆ, ನಗು ಜಾಸ್ತಿ. ಒಮ್ಮೆ ಯಾವುದೋ ವಸತಿಗೃಹದ ಚಾದರಗಳ ಗಂಟಿನ ಜೊತೆಗೆ ಯಾರೋ ಬಿಟ್ಟುಹೋದ ಒಂದು ಹಲಗೆಯೂ ಅವರ ಅಂಗಡಿಗೆ ಬಂತು. ಆಳಿಗಿಂತ ಉದ್ದ, ಬಿಳಿ, ನುಣುಪು, ಮುಂದುಗಡೆ ಮೊನೆ. ಎರಡು ಮರದ ಪೆಟ್ಟಿಗೆಗಳ ಮೇಲೆ ಅದನ್ನಿಟ್ಟು ಕಂಬಳಿಯನ್ನು ಮಡಿಸಿ ಹಾಸಿದರೆ ಹೇಳಿ ಮಾಡಿಸಿದಂಥ ಇಸ್ತ್ರಿ ಮೇಜು. ಮೊನೆಗೆ ಅಂಗಿಯ ತೋಳು ಸರಿಯಾಗಿ ಕೂರುತ್ತಿತ್ತು. ತಳದಲ್ಲಿ ಮೀನಿನ ರೆಕ್ಕೆಯಂಥದ್ದು ಚಾಚಿಕೊಂಡಿತ್ತು, ಅದಕ್ಕೆ ಹ್ಯಾಂಗರುಗಳ ಚೀಲ ನೇತುಹಾಕುತ್ತಿದ್ದರು. ಇಷ್ಟು ಯೋಚಿಸಿ ಮೇಜು ಮಾಡಿದವನು ಯಾರೋ ಪುಣ್ಯಾತ್ಮ ಎಂದು ಅಕ್ಕ ನನ್ನೆದುರೇ ಎಷ್ಟೋ ಸಲ ಹೊಗಳಿದ್ದಾರೆ. ನಾನೂ ಹೌದೆಂದು ತಲೆಯಾಡಿಸಿದ್ದೇನೆ, ಓದಿದವಳು.

ವರ್ಷಗಟ್ಟಲೆ ಹೀಗೇ ನಡೆದ ಮೇಲೆ, ಬಟ್ಟೆ ಒಯ್ಯಲು ಬಂದ ಪ್ರವಾಸಿಯೊಬ್ಬ ಕಂಬಳಿಯ ಅಂಚು ಸರಿಸಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಇದು ಅಲೆಯ ಮೇಲೆ ನಿಂತು ಸವಾರಿ ಮಾಡುವ ಸರ್ಫಿಂಗ್ ಬೋರ್ಡು ಎಂದ. ಅಂಗಡಿಯ ನೆಲದ ಮೇಲೆ ಬೋರಲು ಮಲಗಿ, ಕೈಗಳಿಂದ ನೀರನ್ನು ಹಿಂದಕ್ಕೆ ತಳ್ಳುವಂತೆ ಮಾಡಿ, ಚಂಗನೆ ಎದ್ದು ಮಂಡಿ ಬಗ್ಗಿಸಿ ನಿಂತು ತೋರಿಸಿದ. ಅವನು ತೋರಿಸಿ ಹೋದ. ಅಕ್ಕ ಮಾತ್ರ ಆ ದಿನ ಎಲ್ಲರ ಬಟ್ಟೆಯನ್ನೂ ತಡವಾಗಿ ಕೊಟ್ಟರು.

ಅದೇ ವಾರ ಮಾವನೂ ಬಾಯಿ ಬಿಡಬೇಕೇ. ಒಲೆಯಿಂದ ಇಳಿದ ಮೊದಲ ಬನ್ನು ದಿನಾ ಬೆಳಿಗ್ಗೆ ಲಾಂಡ್ರಿಗೆ ಹೋಗುತ್ತಿತ್ತು. ಅಮ್ಮ ಅದಕ್ಕೆ ಏನೇನೋ ಅರ್ಥ ಹಚ್ಚಿದ್ದಳು, ಅರ್ಥವೇನೋ ಸರಿಯಾಗಿಯೇ ಇತ್ತು. ಆ ಬೆಳಿಗ್ಗೆ ಬನ್ನು ಕೊಟ್ಟವನು ಹೊರಡದೆ ನಿಂತ. ಬಟ್ಟೆ ತರಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮಾವ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು ಒರೆಸಿ, ನಾವಿಬ್ಬರೂ ಮದುವೆಯಾದರೆ ಹೇಗೆ ಎಂದು ಕೇಳಿಯೇಬಿಟ್ಟ. ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಇಟ್ಟಲ್ಲೇ ಮರೆತರು. ಕಂಬಳಿ ಸುಟ್ಟು ಹಲಗೆಯ ಮೇಲೆ ಇಸ್ತ್ರಿ ಪೆಟ್ಟಿಗೆಯದೇ ಆಕಾರದ ಕಂದು ಕಲೆ ಬಿತ್ತು. ಹೊಗೆಯನ್ನು ಕೈಯಿಂದ ಬೀಸಿ ಓಡಿಸುತ್ತಾ ಅಕ್ಕ ಆ ಕಲೆಯನ್ನೇ ನೋಡಿದರು.

"ಇಷ್ಟು ವರ್ಷ ಇದರ ಮುಂದೆ ನಿಂತಿದ್ದೀನಿ, ಬೇಕರಿಯವ್ರೇ. ಒಂದ್ಸಲ ಇದರ ಮೇಲೆ ನಿಲ್ಬೇಕು" ಅಂದರು. "ನಂಗೊಂದು ಅಲೆ ಹುಡುಕಿಕೊಡಿ. ನಾನು ನಿಂತಿದ್ದನ್ನ ನೀವು ಕಣ್ಣಾರೆ ನೋಡಿ. ಆಮೇಲೆ ಈ ಮಾತನ್ನ ಇನ್ನೊಂದ್ಸಲ ಕೇಳಿ."

ಗಡುವೂ ಇತ್ತು. ಮಳೆ ಹಿಡಿದರೆ ಸಮುದ್ರಕ್ಕೆ ಯಾರೂ ಇಳಿಯುವುದಿಲ್ಲ, ಪ್ರವಾಸಿಗಳೂ ಇರುವುದಿಲ್ಲ. ಅಷ್ಟರಲ್ಲಿ ಲಾಂಡ್ರಿ ಮುಚ್ಚಿ ಆಚೆ ದಡದಲ್ಲಿರುವ ತಂಗಿಯ ಮನೆ ಸೇರುವುದೆಂದು ಅಕ್ಕ ಮೊದಲೇ ಮಾತು ಕೊಟ್ಟಿದ್ದರು. ಅಂದರೆ ಮಳೆಗೆ ಮುಂಚೆ ಅಲೆ ಸಿಕ್ಕರೆ ಮಾವನಿಗೆ ಹೆಂಡತಿ, ಇಲ್ಲದಿದ್ದರೆ ಮೊದಲ ಬನ್ನನ್ನು ತಾನೇ ತಿಂದುಕೊಂಡಿರಬೇಕು.

ಕಣ್ಣಾರೆ ಎಂಬ ಮಾತಿಗೆ ಅವರು ಅಷ್ಟು ಒತ್ತು ಕೊಟ್ಟದ್ದೇಕೆಂದು ಇನ್ನೊಂದು ದಿನ ಕೇಳಿದೆ. ತೀರಿಹೋದ ಗಂಡ ಕೆಟ್ಟವನೇನಲ್ಲವಂತೆ. ಆದರೆ ಏನು ತೋರಿಸಿದರೂ ಪೇಪರಿನಿಂದ ತಲೆ ಎತ್ತದೆ ನೋಡ್ದೆ ನೋಡ್ದೆ ಎನ್ನುತ್ತಿದ್ದನಂತೆ. ಅಂಗಡಿಗೆ ಹೊಸ ಬಣ್ಣ ಹೊಡೆಸಿದಾಗಲೂ ನೋಡ್ದೆ, ಅಕ್ಕ ಸೈಕಲ್ ಕಲಿತು ಓಣಿಯ ಉದ್ದಕ್ಕೂ ಬಿದ್ದೆದ್ದು ಬಂದಾಗಲೂ ನೋಡ್ದೆ. ಇದನ್ನು ಅಕ್ಕ ನಗುತ್ತಲೇ ಹೇಳಿದರು. ಹೇಳುವಾಗ ಒಂದೇ ಕಾಲರಿನ ಮೇಲೆ ಇಸ್ತ್ರಿಯನ್ನು ಮೂರು ನಾಲ್ಕು ಸಲ ಎಳೆದರು. ನನಗೆ ಆ ಸತ್ತವನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮಾವ ಮರುದಿನವೇ ಶುರುಮಾಡಿದ. ಬ್ರೆಡ್ಡು ಹಂಚಿ ಮುಗಿದ ಮೇಲೆ ನಿದ್ದೆ ಮಾಡುವ ಹೊತ್ತಿನಲ್ಲಿ ಸ್ಕೂಟರು ಊರ ಹೊರಗಿನ ಕರಾವಳಿ ರಸ್ತೆ ಹಿಡಿಯಿತು. ಶಾಲೆಗೆ ರಜೆಯಿದ್ದದ್ದರಿಂದ ಹಿಂದಿನ ಸೀಟಿಗೆ ನಾನು. ಅಮ್ಮ ಮಹಡಿಯ ಕಿಟಕಿಯಿಂದ ಕೈ ಚಾಚಿ, ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ಹತ್ತು ವರ್ಷ ಮೊದಲೇ ಬಂತಲ್ಲೋ ಎಂದು ಬೀದಿಗೆಲ್ಲ ಕೇಳುವಂತೆ ತಮ್ಮನನ್ನು ಬೀಳ್ಕೊಟ್ಟಳು. ಮಾವ ಹಾರ್ನ್ ಹೊಡೆದು ಒಪ್ಪಿಕೊಂಡ.

ಅಲೆ ಎಂದರೆ ಯಾವ ಅಲೆ? ಅಕ್ಕನಿಗೂ ಈಜು ಅಷ್ಟಕ್ಕಷ್ಟೇ. ಸೊಂಟದ ನೀರಿನಲ್ಲಿ ಏಳುವ, ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಬಂದಂತೆ ದಡಕ್ಕೆ ಬಿಡುವ ಅಲೆ ಬೇಕು. ಅದನ್ನು ಅಳೆಯಲು ಮಾವ ತನ್ನದೇ ಒಂದು ಪರೀಕ್ಷೆ ಕಂಡುಹಿಡಿದ. ನಿನ್ನೆಯ ಬನ್ನನ್ನು ಕೈಯೆತ್ತಿ ದೂರಕ್ಕೆ ಎಸೆಯುವುದು. ಒಣಗಿದ ಬನ್ನು ಸ್ವಲ್ಪ ಹೊತ್ತು ತೇಲುತ್ತದೆ. ಅಲೆ ಅದನ್ನು ಮುರಿಯದೆ, ಮುಳುಗಿಸದೆ ದಡಕ್ಕೆ ತಂದರೆ ಅಲೆ ಪಾಸು. ನುಚ್ಚಾಗಿ ಬಂದರೆ ಫೇಲು. ಬರದೇ ಹೋದರೆ ಸ್ಕೂಟರು ತಿರುಗಿಸುವುದು. ನಗಬೇಡಿ, ನಾನು ಶಾಲೆಯಲ್ಲಿ ಮಾಡುವ ಪರೀಕ್ಷೆಗಳಿಗೂ ಇದಕ್ಕಿಂತ ಹೆಚ್ಚು ತರ್ಕವಿರುವುದಿಲ್ಲ.

ದೀಪಸ್ತಂಭದ ಹಿಂದೆ ಮನೆಯೆತ್ತರದ ಅಲೆಗಳು. ಎಸೆದ ಬನ್ನು ಪುಡಿಯಾಗಿ ಬಂತು, ಮಾವ ಅದಕ್ಕೆ ರಸ್ಕ್ ಎಂದು ಹೆಸರಿಟ್ಟ. ಮುಂದಿನ ಕೊಲ್ಲಿಯಲ್ಲಿ ಎಸೆದದ್ದನ್ನೆಲ್ಲ ಹಕ್ಕಿಗಳು ನೀರಿಗೆ ಬೀಳುವ ಮೊದಲೇ ಹಿಡಿದವು. ಇನ್ನೊಂದು ಕಡೆ ಒಂದು ನಾಯಿ ಈಜಿ ಹೋಗಿ ಬನ್ನನ್ನು ಬಾಯಲ್ಲಿ ತಂದು ಮಾವನ ಪಾದದ ಬಳಿ ಇಟ್ಟಿತು. ಮಾವ ಅದನ್ನೂ ಪಾಸು ಎನ್ನುವುದರಲ್ಲಿದ್ದ, ನಾನು ಬಿಡಲಿಲ್ಲ. ದೋಣಿಕಟ್ಟೆಯ ಹತ್ತಿರ ಮಾತ್ರ ನಾವಿಬ್ಬರೂ ಮೋಸ ಹೋದೆವು. ಸಾಲಾಗಿ, ಅಚ್ಚುಕಟ್ಟಾಗಿ, ಟ್ರೇಯಲ್ಲಿ ಜೋಡಿಸಿಟ್ಟಂಥ ಅಲೆಗಳು ಬಂದವು, ಬನ್ನು ಇಡಿಯಾಗಿ ಬಂತು. ಮಾವ ಮರಳಿನ ಮೇಲೆ ಕುಣಿದೇಬಿಟ್ಟ. ಆಮೇಲೆ ಎಷ್ಟು ಕಾದರೂ ಇನ್ನೊಂದು ಅಲೆ ಇಲ್ಲ. ಆಗಷ್ಟೇ ಪ್ರಯಾಣಿಕರ ದೊಡ್ಡ ದೋಣಿ ಹೋಗಿತ್ತು, ಅಲೆ ಅದರದ್ದು.

ಆದರೆ ಎಂಥ ದಿನಗಳು ಅವು. ಏರುರಸ್ತೆಯಲ್ಲಿ ಸ್ಕೂಟರು ಉಸಿರು ಕಟ್ಟಿ ನಿಲ್ಲುವಂತಾದಾಗ ಮಾವ ಅದರ ಹ್ಯಾಂಡಲ್ ತಟ್ಟಿ, ಬಾರೇ ನನ್ನ ರಾಣಿ, ಮೇಲೆ ಹೋದ್ರೆ ಇಳಿಜಾರು ಎಂದು ಪುಸಲಾಯಿಸುತ್ತಿದ್ದ. ಇಳಿಜಾರಿನಲ್ಲಿ ಎಂಜಿನ್ ಆರಿಸಿ ಎರಡೂ ಕಾಲು ಚಾಚಿಬಿಡುತ್ತಿದ್ದ. ಖಾಲಿ ತಗಡಿನ ಪೆಟ್ಟಿಗೆ ನನ್ನ ಬೆನ್ನ ಹಿಂದೆ ಡಬಡಬ ಬಡಿದುಕೊಳ್ಳುತ್ತಿತ್ತು, ತೆಂಗಿನ ಮರಗಳ ಸಂದಿಯಲ್ಲಿ ಸಮುದ್ರ ಕಂಡು ಮರೆಯಾಗಿ ಮತ್ತೆ ಕಾಣುತ್ತಿತ್ತು, ಮಾವ ಕಂಡಾಗಲೆಲ್ಲ ಅಗೋ ಅಗೋ ಎನ್ನುತ್ತಿದ್ದ. ಹುಟ್ಟಿದಾಗಿನಿಂದ ಇದ್ದ ಸಮುದ್ರಕ್ಕೆ ಅಗೋ ಅನ್ನುವುದೇನು ಎಂದು ಬೈದೆ. ಬೈದವಳು ನಾನೇ ಮುಂದಿನ ತಿರುವಿನಲ್ಲಿ ಅಗೋ ಎಂದೆ. ನಿಜ ಹೇಳಬೇಕೆಂದರೆ ಅಷ್ಟು ಖುಷಿ ನನಗೆ ಬುದ್ಧಿ ಬಂದಾಗಿನಿಂದ ಆಗಿರಲಿಲ್ಲ.

ಇತ್ತ ಅಕ್ಕ ಸುಮ್ಮನೆ ಕೂತಿರಲಿಲ್ಲ. ಮಧ್ಯಾಹ್ನ ಲಾಂಡ್ರಿಯ ಬಾಗಿಲು ಅರ್ಧ ಎಳೆದು ನಮ್ಮ ಬೇಕರಿಯ ಉಗ್ರಾಣಕ್ಕೆ ಬರುತ್ತಿದ್ದರು. ಮೈದಾ ಮೂಟೆಗಳ ಮೇಲೆ ಹಲಗೆ ಇಟ್ಟು, ಬೋರಲು ಮಲಗಿ, ಪ್ರವಾಸಿ ತೋರಿಸಿದಂತೆ ಚಂಗನೆ ಏಳುವ ಅಭ್ಯಾಸ. ಮೊದಮೊದಲು ಚಂಗನೆ ಎನ್ನುವುದು ಇರಲಿಲ್ಲ, ಬರೀ ಅಯ್ಯಪ್ಪಾ ಇತ್ತು. ಪ್ರತಿ ಸಲವೂ ಮೂಟೆಯಿಂದ ಹಿಟ್ಟಿನ ಧೂಳು ಎದ್ದು ಮೂವರೂ ಬಿಳುಪೇರುತ್ತಿದ್ದೆವು. ಮಾವ ಗೋಡೆಗೆ ಒರಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ನೋಡಿ ನೋಡಿ ನಿಂತಲ್ಲೇ ತಾನೂ ಮಂಡಿ ಬಗ್ಗಿಸುತ್ತಿದ್ದ. ಒಮ್ಮೆ ಅಮ್ಮ ಮೇಲಿನಿಂದ ಇಳಿದು ಬಂದು ಬಾಗಿಲಲ್ಲಿ ನಿಂತು ಈ ನೋಟ ಕಂಡು, ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಎಂದು ಗಾದೆ ಹೇಳಿ ಹೋದಳು. ಹೋಗುವಾಗ ಅಕ್ಕನ ಮಂಡಿಗೆಂದು ಎಣ್ಣೆಯ ಬಾಟಲಿ ಇಟ್ಟು ಹೋಗಿದ್ದಳು.

ಕೊನೆಗೂ ಅಲೆ ಸಿಕ್ಕಿತು. ದೋಣಿ ರಿಪೇರಿ ಮಾಡುವ ಜಾಗದ ಹಿಂದೆ, ಯಾರೂ ಹೋಗದ ಪುಟ್ಟ ಕೊಲ್ಲಿ. ಬೆಳಗಿನ ಬಿಸಿಲು ಏರಿದ ಹೊತ್ತು. ಎರಡು ಬಂಡೆಗಳ ನಡುವೆ ಮರಳಿನ ಹಾದಿ, ಅದರ ಮೇಲೆ ಸೊಂಟದೆತ್ತರದ ಅಲೆಗಳು ಒಂದರ ಹಿಂದೊಂದು. ಮಾವ ಎಸೆದ ಬನ್ನನ್ನು ಅಲೆ ಎತ್ತಿ, ತೂಗಿ, ತಂದು ಅವನ ಹೆಬ್ಬೆರಳಿಗೆ ತಾಗಿಸಿ ನಿಲ್ಲಿಸಿತು. ಮಾವ ಬಗ್ಗಿ ಎತ್ತಿಕೊಂಡು ಒಂದು ಕಚ್ಚು ಕಚ್ಚಿ, ಕಣ್ಣು ಮುಚ್ಚಿ ಅಗಿದು, "ಉಪ್ಪು ಸರಿಯಾಗಿದೆ" ಎಂದ. ಮರುದಿನ ಅದೇ ಹೊತ್ತಿಗೆ ಬಂದು ಇನ್ನೊಮ್ಮೆ ಪರೀಕ್ಷೆ ಮಾಡಿದೆವು. ಮತ್ತೆ ಪಾಸು. ಅಕ್ಕನ ಅಂಗಡಿಗೆ ರಜೆ ಬರುವುದು ಇನ್ನೂ ಐದಾರು ದಿನದ ಮೇಲೆ. ಆ ದಿನ, ಇದೇ ಹೊತ್ತು ಎಂದು ನಿಶ್ಚಯವಾಯಿತು.

ಬ್ರೆಡ್ಡಿನ ಪೆಟ್ಟಿಗೆ ಕಳಚಿ ಸ್ಕೂಟರಿನ ಪಕ್ಕಕ್ಕೆ ಬೆಸುಗೆ ಹಾಕಿಸಿದ ಕಬ್ಬಿಣದ ಕೊಕ್ಕೆಗಳಿಗೆ ಹಲಗೆ ಬಿಗಿದೆವು. ನನ್ನ ಕೆಲಸ ಅದನ್ನು ತಬ್ಬಿ ಹಿಡಿಯುವುದು. ಗಾಳಿ ಬೀಸಿದರೆ ಹಲಗೆ ಹಾಯಿಯಂತೆ ಸ್ಕೂಟರನ್ನು ಎಡಕ್ಕೆ ಎಳೆಯುತ್ತಿತ್ತು. ಬಲಕ್ಕೆ ವಾಲಿ ಜಗ್ಗಿ ಹಿಡಿಯದಿದ್ದರೆ ಮಾವ ನೇರವಾಗಿ ಯಾರದಾದರೂ ಅಂಗಳಕ್ಕೇ ಹೋಗುತ್ತಿದ್ದ. ಹಾಗೆ ಒಂದು ಅಂಗಳಕ್ಕೆ ಹೋಗಿಯೂ ಬಂದೆವು. ಅಲ್ಲಿ ಬಟ್ಟೆ ಒಣಗಿಸುತ್ತಿದ್ದವರಿಗೆ ಮಾವ ನಮಸ್ಕಾರ ಹೇಳಿ, ಸ್ಕೂಟರು ನಿಲ್ಲಿಸದೆ ಒಂದು ಸುತ್ತು ಹಾಕಿ ಹೊರಬಂದ. ಅಕ್ಕ ಮತ್ತು ಅಮ್ಮ ಹಿಂದಿನಿಂದ ಬಸ್ಸಿನಲ್ಲಿ. ಅಮ್ಮ ಇದೆಲ್ಲ ತನಗೆ ಇಷ್ಟವಿಲ್ಲವೆಂದು ತೋರಿಸಲು ಕೊಡೆ ತಂದಿದ್ದಳು.

ಕೊಲ್ಲಿಗೆ ಬಂದು ನೋಡಿದರೆ ಸಮುದ್ರವೇ ಇಲ್ಲ.

ಇತ್ತು, ಆದರೆ ಎಲ್ಲೋ ದೂರದಲ್ಲಿ, ನಮಗೂ ಅದಕ್ಕೂ ಮಾತುಕತೆ ಇಲ್ಲದಷ್ಟು ದೂರದಲ್ಲಿ. ನಡುವೆ ಬರೀ ಕಪ್ಪು ಬಂಡೆ, ಪಾಚಿ, ಅಲ್ಲಲ್ಲಿ ನಿಂತ ನೀರಿನಲ್ಲಿ ಏಡಿಗಳು. ಮಾವ ಗಡಿಯಾರ ನೋಡಿದ, ಕೊಲ್ಲಿ ನೋಡಿದ, ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದ. ಹೊತ್ತು ಅದೇ. ಹೊತ್ತು ಅದೇ ಇರುವಾಗ ಅಲೆ ಹೇಗೆ ಬೇರೆಯಾಯಿತು? ಅವನ ಒಲೆ ಒಂದು ದಿನವೂ ಹೀಗೆ ಮಾಡಿದ್ದಿಲ್ಲ. ಅಲೆಯ ಮೇಲೆ ನಿಲ್ಲಲೆಂದು ಬಂದ ಅಕ್ಕ ಹಲಗೆಯನ್ನು ಬಂಡೆಗೆ ಒರಗಿಸಿ ಅದರ ನೆರಳಿನಲ್ಲಿ ಕೂತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಮ್ಮ ನಿಟ್ಟುಸಿರು ಬಿಟ್ಟಳು. ಅವಳಿಗೂ ಬೇಸರವಾಗಿತ್ತೆಂದು ನನಗೆ ಆಗಲೇ ಗೊತ್ತಾದದ್ದು.

ಅಲ್ಲಿ ದೋಣಿಗೆ ಬಣ್ಣ ಬಳಿಯುತ್ತಿದ್ದ ಮುದುಕರೊಬ್ಬರು ನಮ್ಮ ಗೋಳು ಕೇಳಿ ಕುಂಚ ಕೆಳಗಿಟ್ಟು ನಕ್ಕರು. ಸಮುದ್ರದ ಉಬ್ಬರ ದಿನಾ ಮುಕ್ಕಾಲು ಗಂಟೆ ತಡವಾಗುತ್ತದೆ, ವಾರ ಕಳೆದರೆ ಉಬ್ಬರದ ಹೊತ್ತಿಗೆ ಇಳಿತವಿರುತ್ತದೆ, ಇದು ಹುಟ್ಟುಗೂಸಿಗೂ ಗೊತ್ತು ಎಂದರು. ನನ್ನ ಮುಖಕ್ಕೆ ರಕ್ತ ನುಗ್ಗಿತು. ಚಂದ್ರ, ಭೂಮಿ, ಬಾಣದ ಗುರುತು ಹಾಕಿ ಈ ಪಾಠವನ್ನು ಪ್ರತಿ ವರ್ಷ ಮಾಡುವವಳು ನಾನೇ, ಐದು ಅಂಕದ ಪ್ರಶ್ನೆ. ಮಾವ ಮಾತ್ರ ಇನ್ನೊಂದು ಪ್ರಶ್ನೆ ಕೇಳಿದ, ದಿನಕ್ಕೆ ಎಷ್ಟು ಸಲ ಉಬ್ಬುತ್ತದೆ ಎಂದು. ಎರಡು ಸಲ ಎಂದು ಉತ್ತರ ಬಂದದ್ದೇ ಅವನ ಮುಖ ಅರಳಿತು. ಒಳ್ಳೆಯ ಬ್ರೆಡ್ಡಿನ ಹಿಟ್ಟೂ ಎರಡು ಸಲ ಉಬ್ಬಬೇಕು, ಚಳಿಯಲ್ಲಿ ಅದೂ ತಡ ಮಾಡುತ್ತದೆ, ಇಷ್ಟು ದಿನ ಇದನ್ನು ನನಗೆ ಯಾರೂ ಹೇಳಲೇ ಇಲ್ಲವಲ್ಲ ಎಂದು ಮುದುಕರ ಬಣ್ಣದ ಕೈ ಹಿಡಿದು ಕುಲುಕಿದ. ಸಂಜೆಯ ಗಾಳಿ ಅಲೆಯನ್ನು ಕೆಡಿಸುತ್ತದೆ, ಇನ್ನು ಮೂರು ದಿನಕ್ಕೆ ಸೂರ್ಯ ಹುಟ್ಟುವಾಗ ಬನ್ನಿ, ಆಮೇಲೆ ನೆಚ್ಚಿಕೊಳ್ಳಬೇಡಿ, ಮೋಡ ಕಟ್ಟುತ್ತಿದೆ ಎಂದರು ಅವರು.

ಸೂರ್ಯ ಹುಟ್ಟುವ ಹೊತ್ತೆಂದರೆ ಬ್ರೆಡ್ಡು ಒಲೆಯಲ್ಲಿರುವ ಹೊತ್ತು. ತಾತ ತೀರಿಹೋದ ದಿನವೂ ಬೇಕರಿ ತೆರೆದಿದ್ದ ಮಾವ ಆ ದಿನ ಒಲೆ ಹಚ್ಚಲಿಲ್ಲ. ಮುಂಬಾಗಿಲಿಗೆ ಒಂದು ರಟ್ಟು ಕಟ್ಟಿದ: ಇವತ್ತು ಬ್ರೆಡ್ಡಿಲ್ಲ, ಸಮುದ್ರ ಇದೆ. ಬೀದಿಯವರು ಅದನ್ನು ಓದಿ ಏನೆಂದುಕೊಂಡರೋ, ಕೇಳಲು ನಾವು ಅಲ್ಲಿರಲಿಲ್ಲ.

ಕೊಲ್ಲಿಯಲ್ಲಿ ಸಮುದ್ರ ವಾಪಸು ಬಂದಿತ್ತು. ಬಂಡೆಗಳ ನಡುವಿನ ಹಾದಿಯಲ್ಲಿ ಅಲೆಗಳು ಅವೇ, ದುಂಡಗೆ, ಹದವಾಗಿ. ಮಾವ ಒಂದೇ ಒಂದು ಬನ್ನು ಎಸೆದ, ಅದು ಬಂತು. ಅಕ್ಕ ತುಂಬುತೋಳಿನ ಹಳೆಯ ಅಂಗಿ, ಪ್ಯಾಂಟು ತೊಟ್ಟಿದ್ದರು, ಎರಡಕ್ಕೂ ಗರಿಗರಿ ಇಸ್ತ್ರಿ. ಮಾವ ಕನ್ನಡಕದ ದಾರ ಬಿಗಿ ಮಾಡಿಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ ಸೊಂಟದ ತನಕ ನೀರಿಗಿಳಿದ. ಅವನ ಹಲ್ಲು ಕಟಕಟ ಎನ್ನುವುದು ದಡದಲ್ಲಿದ್ದ ನನಗೆ ಕೇಳುತ್ತಿತ್ತು. ಅಕ್ಕ ಹಲಗೆಯ ಮೇಲೆ ಬೋರಲು ಮಲಗಿದರು, ಇಸ್ತ್ರಿಯ ಕಲೆ ಸರಿಯಾಗಿ ಅವರ ಗದ್ದದ ಕೆಳಗೆ. ಅಲೆ ಬಂದಾಗ ಮಾವ ಹಿಂದಿನಿಂದ ಹಲಗೆಯನ್ನು ತಳ್ಳಬೇಕು, ಒಲೆಗೆ ಟ್ರೇ ತಳ್ಳಿದ ಹಾಗೆ. ತಳ್ಳಿದ. ಬಿದ್ದರು. ಮತ್ತೆ ತಳ್ಳಿದ. ಮತ್ತೆ ಬಿದ್ದರು. ಪ್ರತಿ ಸಲವೂ ಮಾವ ಒಂದು ಬಾಯಿ ಸಮುದ್ರ ಕುಡಿದು ಕೆಮ್ಮುತ್ತಿದ್ದ. ಉಪ್ಪು ತಿಂದವನು ನೀರು ಕುಡಿಯಬೇಕು ಅಂತಾರೆ, ಇವನು ಎರಡನ್ನೂ ಒಟ್ಟಿಗೆ ಮುಗಿಸ್ತಿದ್ದಾನೆ ಎಂದು ಅಮ್ಮ ಕೊಡೆಯ ಕೆಳಗಿನಿಂದ ವರದಿ ಕೊಡುತ್ತಿದ್ದಳು.

ಆಮೇಲೆ ಆ ಅಲೆ ಬಂತು. ಉಳಿದವಕ್ಕಿಂತ ಒಂದು ಗೇಣು ಎತ್ತರ. ಮಾವ ಮೈಯ ಭಾರವನ್ನೆಲ್ಲ ಹಾಕಿ ತಳ್ಳಿದ. ಹಲಗೆ ಮುಂದಕ್ಕೆ ಜಾರಿತು, ಅಕ್ಕನ ಕೈಗಳು ಹಲಗೆಯನ್ನು ಒತ್ತಿದವು, ಮಂಡಿ ಬಂತು, ಒಂದು ಪಾದ ಬಂತು, ಇನ್ನೊಂದು ಬಂತು. ಇಸ್ತ್ರಿ ಅಕ್ಕ ಎದ್ದು ನಿಂತರು. ಎರಡೂ ಕೈ ಚಾಚಿ, ಬಾಯಿ ತೆರೆದು, ಬೆಳಗಿನ ಬೆಳಕಿನಲ್ಲಿ ಸಮುದ್ರದ ಮೇಲೆ ನಿಂತು ಅವರು ನಮ್ಮ ಕಡೆಗೇ ಬರುತ್ತಿದ್ದರು. ಅಮ್ಮ ಕೊಡೆ ಬಿಸಾಡಿ, ನಿಂತ್ಲು, ನಿಂತ್ಲು ಎಂದು ನನ್ನ ಬೆನ್ನಿಗೆ ಗುದ್ದತೊಡಗಿದಳು. ದೋಣಿಯ ಮುದುಕರು ಬಣ್ಣದ ಡಬ್ಬವನ್ನು ಬಡಿದರು. ನನ್ನ ಕಣ್ಣಲ್ಲಿ ನೀರು ಬಂತು. ಹಲಗೆ ಮರಳಿಗೆ ತಾಗಿತು, ಅಕ್ಕ ಬೀಳದೆ ಇಳಿದರು, ಬಸ್ಸಿನಿಂದ ಇಳಿದಂತೆ. ಇಳಿದದ್ದೇ ಹಿಂದಕ್ಕೆ ತಿರುಗಿದರು.

"ಬೇಕರಿಯವ್ರೇ, ನೋಡಿದ್ರಾ?"

ಮಾವ ಆಗಷ್ಟೇ ನೀರಿನಿಂದ ಮೇಲೆ ಬರುತ್ತಿದ್ದ. ತಳ್ಳಿದ ರಭಸಕ್ಕೆ ಅವನ ಕಾಲು ಜಾರಿ, ಅಲೆ ಅವನ ಮೇಲೆಯೇ ಹಾದುಹೋಗಿತ್ತು. ಕನ್ನಡಕ ಕುತ್ತಿಗೆಯಲ್ಲಿ ನೇತಾಡುತ್ತಿತ್ತು, ತಲೆಯ ಮೇಲೆ ಪಾಚಿ. ನನಗೆ ಒಂದೇ ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು. ಹೂಂ ಅನ್ನು ಮಾವ, ಒಂದೇ ಅಕ್ಷರ, ಅವರು ನಿಂತದ್ದು ಸುಳ್ಳಲ್ಲ, ಇಷ್ಟು ಜನ ನೋಡಿದ್ದೇವೆ, ಹೂಂ ಅಂದುಬಿಡು ಎಂದು ಮನಸ್ಸಿನಲ್ಲೇ ಕಿರುಚಿದೆ. ಅಮ್ಮ ಬಾಯಿಬಿಟ್ಟೇ ಕಿರುಚಿದಳು.

ಮಾವ ಮುಖದ ನೀರು ಒರೆಸಿಕೊಂಡ. ಪಾಚಿ ತೆಗೆದ. ಇದು ನಿನ್ನೆಯದು ಎಂದು ಗಿರಾಕಿಗೆ ಹೇಳುವಾಗ ಇರುವ ಅದೇ ಮುಖ.

"ಇಲ್ಲ" ಎಂದ. "ನೀರೊಳಗೆ ಇದ್ದೆ. ನಂಗೆ ಕಾಣಲಿಲ್ಲ."

ಅಮ್ಮ ಹಣೆ ಚಚ್ಚಿಕೊಂಡು ಮರಳಿನ ಮೇಲೆ ಕೂತಳು. ಅಕ್ಕ ಮಾವನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹಲಗೆಯನ್ನು ಮತ್ತೆ ನೀರಿಗೆ ಎಳೆದರು. ಮಾವ ಮತ್ತೆ ತಳ್ಳಿದ. ಈಗ ತಳ್ಳಿದ ಕೂಡಲೇ ಕತ್ತು ಉದ್ದ ಮಾಡಿ ನೋಡುತ್ತಿದ್ದ, ಅದರಿಂದಾಗಿ ತಳ್ಳುವುದೂ ಸರಿಯಾಗುತ್ತಿರಲಿಲ್ಲ. ಅಕ್ಕನ ಮಂಡಿ ಸೋತಿತ್ತು. ಒಮ್ಮೆ ಅರ್ಧ ಎದ್ದರು, ಬಿದ್ದರು. ಅಷ್ಟರಲ್ಲಿ ಬಂಡೆಗಳ ತುದಿ ಕಾಣತೊಡಗಿತು, ಸಮುದ್ರ ತನ್ನ ಪಾಡಿಗೆ ಹಿಂದಕ್ಕೆ ಹೊರಟಿತ್ತು. ಆಚೆ ಕಡೆಯಿಂದ ಮೋಡ ಬರುತ್ತಿತ್ತು.

ಇಬ್ಬರೂ ಬಂದು ಮರಳಿನ ಮೇಲೆ ಕೂತರು, ನಡುವೆ ಹಲಗೆ. ಮಾವ ಒದ್ದೆ ಅಂಗಿಯ ತುದಿಯಿಂದ ಕನ್ನಡಕ ಒರೆಸಲು ನೋಡಿದ, ಅದು ಇನ್ನಷ್ಟು ಮಂಜಾಯಿತು. ಅಕ್ಕ ಅದನ್ನು ತೆಗೆದುಕೊಂಡು, ಚೀಲದಿಂದ ಮಡಿಸಿಟ್ಟ ಒಣ ಬಟ್ಟೆ ತೆಗೆದು ಎರಡೂ ಗಾಜು ಒರೆಸಿ ಅವನ ಕೈಗೆ ಕೊಟ್ಟರು.

"ಕೇಳಿ" ಎಂದರು.

"ಏನನ್ನ?"

"ಅವತ್ತು ಅಂಗಡೀಲಿ ಕೇಳಿದ್ದನ್ನ."

ಮಾವ ಕನ್ನಡಕ ಹಾಕಿಕೊಂಡ. "ನಾನು ನೋಡ್ಲಿಲ್ವಲ್ಲ" ಎಂದ.

"ಅದಕ್ಕೇ ಕೇಳಿ ಅಂದಿದ್ದು."

ಮಾವ ಕೇಳಿದ. ಏನೆಂದು ಕೇಳಿದನೋ ನನಗೆ ಕೇಳಿಸಲಿಲ್ಲ, ಅಮ್ಮ ಅಷ್ಟು ಜೋರಾಗಿ ಮೂಗು ಸೀಟುತ್ತಿದ್ದಳು. ಅಕ್ಕ ಹೂಂ ಎಂದದ್ದು ಮಾತ್ರ ಕಂಡಿತು, ತಲೆಯನ್ನು ಅಷ್ಟೊಂದು ಆಡಿಸಿದರು. ದೋಣಿಯ ಮುದುಕರು ಮತ್ತೊಮ್ಮೆ ಡಬ್ಬ ಬಡಿದರು, ಈ ಸಲ ಡಬ್ಬದಲ್ಲಿ ಬಣ್ಣವಿತ್ತು.

ಹನಿ ಬೀಳಲು ಶುರುವಾಯಿತು. ಹಲಗೆಯನ್ನು ಕೊಕ್ಕೆಗೆ ಬಿಗಿದು ಮಾವ ಸ್ಕೂಟರು ಒದ್ದ. ನಾನು ಅಭ್ಯಾಸಬಲದಿಂದ ಹಿಂದಿನ ಸೀಟಿನ ಕಡೆ ಹೆಜ್ಜೆ ಇಟ್ಟೆ. ಅಮ್ಮ ನನ್ನ ರಟ್ಟೆ ಹಿಡಿದು ಬಸ್ಸಿನ ಕಡೆ ಎಳೆದಳು. ಅಕ್ಕ ಸೀಟಿನ ಮೇಲೆ ಕೂತು, ಹಲಗೆಯನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಅತ್ತ ಇತ್ತ ನೋಡುತ್ತಿದ್ದರು. ಗಾಳಿ ಜೋರಾಗಿತ್ತು. ನಾನು ಅಮ್ಮನ ಕೈ ಬಿಡಿಸಿಕೊಂಡು ಓಡಿಹೋಗಿ ಅವರ ಕೈಯನ್ನು ಹಲಗೆಯ ಸುತ್ತ ಹಾಕಿಸಿದೆ.

"ಬಲಕ್ಕೆ ವಾಲಿ ಗಟ್ಟಿಯಾಗಿ ಹಿಡ್ಕೊಳ್ಳಿ, ಅತ್ತೆ" ಎಂದೆ. "ಗಾಳಿ ಬಂದ್ರೆ ಎಡಕ್ಕೆ ಎಳೆಯುತ್ತೆ."